ಚೀನೀಯನೆಂದರೆ ಯಾರು: ಲಿಯಾಂಗ್ ಷುಮಿಂಗರ ಸಂಸ್ಕೃತಿಮೀಮಾಂಸೆ

೧೯೧೮ನೆಯ ಇಸವಿಯ ನವೆಂಬರ್ ೭ರಂದು, ಬೀಜಿಂಗ್ ನಗರದ ಒಂದು ಮನೆಯಲ್ಲಿ, ಷಷ್ಟಿಪೂರ್ತಿಯ ಹೊಸ್ತಿಲಲ್ಲಿದ್ದ ಲಿಯಾಂಗ್ ಜಿ ಎಂಬ ಹಿರಿಯರು, ವೃತ್ತಪತ್ರಿಕೆಯಲ್ಲಿ ಬಂದಿದ್ದ ಐರೋಪ್ಯ ಮಹಾಯುದ್ಧದ ವಾರ್ತೆಯನ್ನು ಕುರಿತು ಮಗನೊಡನೆ ಮಾತನಾಡುತ್ತಿದ್ದವರು, ಈ ಪ್ರಪಂಚವು ಇನ್ನು ಒಳ್ಳೆಯದಾದೀತೇ ಎಂದು ಕೇಳಿದರು. ಲೋಕವು ದಿನದಿನಕ್ಕೂ ಒಳಿತಿನ ಕಡೆಗೇ ಸಾಗುತ್ತದೆಂದು ತಾನು ನಂಬಿರುವುದಾಗಿ ಮಗನು ಉತ್ತರವಿತ್ತನು. ಹಾಗಾದರೆ ಸರಿ ಎಂದು ಹೇಳಿ ಮನೆಯಿಂದ ಹೊರಟ ತಂದೆಯು, ಮೂರು ದಿನಗಳ ತರುವಾಯ ನಗರದ ಉತ್ತರಭಾಗದ ಜಿಷುಯಿತಾನ್ ಸರೋವರದಲ್ಲಿ ಮುಳುಗಿ ಪ್ರಾಣತ್ಯಾಗ ಮಾಡಿದರು. ಅವರು ಬಿಟ್ಟುಹೋದ ಪತ್ರದಲ್ಲಿ, ಆರು ವರ್ಷಗಳ ಹಿಂದೆಯೇ ಸಿಂಹಾಸನವನ್ನು ಕಳೆದುಕೊಂಡಿದ್ದ ಚಿಂಗ್ ರಾಜವಂಶಕ್ಕಾಗಿ ತಾವು ಸಾಯುತ್ತಿರುವುದೆಂಬ ಮಾತಿದ್ದಿತು. ಆದರೆ ವಸ್ತುತಃ ತಾವು ಪ್ರಾಣವನ್ನು ಕೊಡುತ್ತಿರುವುದು ಬಾಲ್ಯದಲ್ಲಿ ಕಲಿತ ಧರ್ಮಕ್ಕಾಗಿ ಎಂಬ ವಿವರಣೆಯೂ ಇದ್ದಿತು.

ಈ ಮರಣದಲ್ಲಿ ಅಡಗಿರುವ ಒಂದು ಸಂಗತಿಯನ್ನು ಓದುಗರು ಅವಧಾನವಿಟ್ಟು ನೋಡಬೇಕೆಂದು ನನ್ನ ಬಿನ್ನಹ. ಲಿಯಾಂಗ್ ಮನೆತನದವರು ಮೂಲದಲ್ಲಿ ಮಂಗೋಲರು. ಕುಬ್ಲಾಯ್ ಖಾನನು ಸ್ಥಾಪಿಸಿದ ಯ್ವಾನ್ ರಾಜಕುಲದಿಂದ ತಮ್ಮ ವಂಶವು ಇಳಿದುಬಂದುದೆಂದು ಅವರು ಬಲ್ಲರು. ಚಿಂಗ್ ಚಕ್ರವರ್ತಿಗಳಾದರೋ ಮಂಚೂರಿಯದಿಂದ ಬಂದು ಚೀನವನ್ನು ಗೆದ್ದವರು. ಹೀಗಿರಲಾಗಿ, ಮಂಗೋಲ ರಕ್ತದ ಒಬ್ಬ ವ್ಯಕ್ತಿಯು, ಮಂಚು ರಾಜವಂಶವೊಂದರ ಹೆಸರಿನಲ್ಲಿ, ಲೂ ದೇಶದ ಆಚಾರ್ಯನಾದ ಕನ್ಫ್ಯೂಷಿಯಸನು ಎರಡೂವರೆ ಸಾವಿರ ವರ್ಷಗಳ ಹಿಂದೆ ಬೋಧಿಸಿದ ಧರ್ಮಕ್ಕಾಗಿ ದೇಹತ್ಯಾಗ ಮಾಡುತ್ತಾನೆ; ಆತನಿಗಿಂತ ಹೆಚ್ಚು ಚೀನೀಯನಾದವನು ಆ ನಗರದಲ್ಲಿ ಮತ್ತೊಬ್ಬನಿದ್ದನೆಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಹಾಗಾದರೆ ಚೀನೀಯನೆಂದರೆ ಯಾರು? ರಕ್ತವು ಅದನ್ನು ನಿರ್ಣಯಿಸುವುದಿಲ್ಲವೆಂಬುದು ಸ್ಪಷ್ಟ. ರಾಜ್ಯವೂ ನಿರ್ಣಯಿಸುವುದಿಲ್ಲವೆಂಬುದು ಅಷ್ಟೇ ಸ್ಪಷ್ಟ. ಮತ್ತಾವುದು ನಿರ್ಣಯಿಸುತ್ತದೆಂಬ ಪ್ರಶ್ನೆಯೇ, ಅಂದು ಇಪ್ಪತ್ತೈದು ವರ್ಷದವನಾಗಿದ್ದ ಆ ಮಗನ ದೀರ್ಘಾಯುಷ್ಯದ ಸಮಸ್ತ ಚಿಂತನೆಯನ್ನೂ ಆವರಿಸಿಕೊಂಡಿತು. ಆ ಮಗನೇ ಲಿಯಾಂಗ್ ಷುಮಿಂಗರು.

೧೮೯೩ರ ಅಕ್ಟೋಬರ್ ೧೮ರಂದು ಹುಟ್ಟಿದ ಷುಮಿಂಗರನ್ನು ಕನ್ಫ್ಯೂಷಿಯಸನ ಅನುಯಾಯಿಗಳಲ್ಲಿ ಅಗ್ರಗಣ್ಯರೆಂದು ಇಂದು ಎಣಿಸುತ್ತಾರಾದರೂ, ಬಾಲ್ಯದಲ್ಲಿ ಅವರಿಗೆ ಆ ಸಂಪ್ರದಾಯದ ಗ್ರಂಥಗಳ ಕಂಠಪಾಠವಾಗಲಿಲ್ಲ. ದೇಶವು ದುರ್ಬಲವಾಗಿರುವುದನ್ನು ಕಂಡು ನೊಂದಿದ್ದ ತಂದೆಯು, ತಾನು ಹಳೆಯ ಧರ್ಮದಲ್ಲಿ ಎಷ್ಟೇ ನಿಷ್ಠೆಯುಳ್ಳವನಾಗಿದ್ದರೂ, ಮಗನಿಗೆ ಭೂಗೋಳದ ಪದ್ಯರೂಪದ ಪಾಠಪುಸ್ತಕವನ್ನು ಕೊಡಿಸಿ, ಇಂಗ್ಲಿಷನ್ನು ಕಲಿಸುವ ಹೊಸ ಬಗೆಯ ಶಾಲೆಗೆ ಸೇರಿಸಿದನು. ಯೌವನದಲ್ಲಿ ಷುಮಿಂಗರು ೧೯೧೧ರ ಕ್ರಾಂತಿಕಾರಿಗಳ ಗುಂಪಿಗೆ ಸೇರಿದರು. ಗಣರಾಜ್ಯ ಬಂದ ಮೇಲೆ ಪತ್ರಿಕೆಯೊಂದರ ವರದಿಗಾರರಾಗಿ ರಾಜಕೀಯದ ಒಳಮನೆಯನ್ನು ಸಮೀಪದಿಂದ ಕಂಡರು. ಕಂಡುದರಿಂದ ಹುಟ್ಟಿದ ಜುಗುಪ್ಸೆಯು ಅವರನ್ನು ಆತ್ಮಹತ್ಯೆಯ ಅಂಚಿನವರೆಗೂ ಒಯ್ದು, ಅಲ್ಲಿಂದ ಬೌದ್ಧಧರ್ಮದ ಕಡೆಗೆ ತಿರುಗಿಸಿತು. ಮಾಂಸಾಹಾರವನ್ನು ತ್ಯಜಿಸಿದರು, ವಿವಾಹವನ್ನು ನಿರಾಕರಿಸಿದರು, ಭಿಕ್ಷುವಾಗಬೇಕೆಂದು ಹಂಬಲಿಸಿದರು. ೧೯೧೬ರಲ್ಲಿ ಅವರು ಬರೆದ ಬೌದ್ಧ ತತ್ತ್ವದ ಪ್ರಬಂಧವೊಂದು ಪೀಕಿಂಗ್ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಛೈ ಯ್ವಾನ್‌ಪೈ ಅವರ ಕಣ್ಣಿಗೆ ಬಿದ್ದು, ಯಾವ ವಿಶ್ವವಿದ್ಯಾಲಯದ ಪದವಿಯೂ ಇಲ್ಲದ ಆ ತರುಣನಿಗೆ ಅಧ್ಯಾಪಕಸ್ಥಾನದ ಆಹ್ವಾನವು ಬಂದಿತು. ಬೋಧಿಸಬೇಕಾಗಿದ್ದ ವಿಷಯವು ಭಾರತೀಯ ದರ್ಶನ.

೧೯೧೯ರಲ್ಲಿ ಭಾರತೀಯ ದರ್ಶನಗಳ ಮೇಲೆ ಅವರು ಪ್ರಕಟಿಸಿದ ಪರಿಚಯಗ್ರಂಥವು ಚೀನದಲ್ಲಿ ಆ ವಿಷಯವನ್ನು ಕುರಿತ ಮೊದಮೊದಲಿನ ಆಧುನಿಕ ಕೃತಿಗಳಲ್ಲೊಂದು. ಅವರಿಗೆ ಸಂಸ್ಕೃತ ಬಾರದು. ಚೀನೀ ಬೌದ್ಧ ವಾಙ್ಮಯದ ಮಹಾಭಂಡಾರವೇ ಅವರಿಗೆ ಆಧಾರ. ಆ ಭಂಡಾರದಲ್ಲಿ ಸಾಂಖ್ಯಕ್ಕೂ ವೈಶೇಷಿಕಕ್ಕೂ ಸೇರಿದ ಗ್ರಂಥಗಳ ಭಾಷಾಂತರಗಳುಂಟು. ಅವರಿಗೆ ಅತ್ಯಂತ ಪ್ರಿಯವಾಗಿದ್ದ ವಿಜ್ಞಾನವಾದವೆಂಬ ಬೌದ್ಧದರ್ಶನದ ಗ್ರಂಥಗಳನ್ನು ಚೀನಕ್ಕೆ ಒದಗಿಸಿದವನು, ಏಳನೆಯ ಶತಮಾನದಲ್ಲಿ ನಮ್ಮ ಚಾಲುಕ್ಯ ಪುಲಕೇಶಿಯ ಪ್ರತಾಪವನ್ನು ತನ್ನ ಪ್ರವಾಸಕಥನದಲ್ಲಿ ಬರೆದಿಟ್ಟ ಆ ಯಾತ್ರಿಕ ಹ್ಯೂಯೆನ್‌ತ್ಸಾಂಗನೇ ಎಂಬುದನ್ನು ಕನ್ನಡಿಗರು ನೆನೆಯಬಹುದು.

ಆ ಕಾಲದ ಪೀಕಿಂಗ್ ವಿಶ್ವವಿದ್ಯಾಲಯವು ಕನ್ಫ್ಯೂಷಿಯಸನಿಗೆ ಅನುಕೂಲವಾದ ಸ್ಥಳವಾಗಿರಲಿಲ್ಲ. ಅಲ್ಲಿಯೇ ಅಧ್ಯಾಪಕರಾಗಿದ್ದ ಛೆನ್ ದುಷ್ಯು ಅವರೂ ಹು ಷಿ ಅವರೂ ಅವರ ಸಂಗಡಿಗರೂ ಪ್ರಾಚೀನ ಸಂಪ್ರದಾಯವನ್ನು ಸಮೂಲವಾಗಿ ಕಿತ್ತೊಗೆದಲ್ಲದೆ ಚೀನವು ಉಳಿಯಲಾರದೆಂದು ಸಾರುತ್ತಿದ್ದರು. ವಿಜ್ಞಾನ ಬೇಕು, ಪ್ರಜಾಪ್ರಭುತ್ವ ಬೇಕು, ಇವೆರಡಕ್ಕೂ ಅಡ್ಡವಾಗಿರುವ ಆಚಾರ್ಯನು ಬೇಡ ಎಂಬುದು ಅವರ ವಾದದ ಸಾರ. ಲಿಯಾಂಗರು ವಿಜ್ಞಾನವನ್ನಾಗಲಿ ಪ್ರಜಾಪ್ರಭುತ್ವವನ್ನಾಗಲಿ ಬೇಡವೆಂದವರಲ್ಲ. ಆದರೆ ತಮ್ಮ ಜನತೆಯು ತಾನು ಯಾರೆಂಬುದನ್ನೇ ಮರೆತು ಬದುಕುವುದಾದರೆ, ಆ ಬದುಕಿದ ಜನತೆಯನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದು ಅವರ ಪ್ರಶ್ನೆ. ತಾವು ಆ ವಿಶ್ವವಿದ್ಯಾಲಯಕ್ಕೆ ಬಂದಿರುವುದು ಶಾಕ್ಯಮುನಿಯ ಪರವಾಗಿಯೂ ಕನ್ಫ್ಯೂಷಿಯಸನ ಪರವಾಗಿಯೂ ಮಾತನಾಡುವುದಕ್ಕೆ ಎಂದು ಅವರು ಅಧ್ಯಕ್ಷರ ಎದುರಿನಲ್ಲಿಯೇ ಹೇಳಿದ್ದರು.

ಆ ಮಾತು ೧೯೨೧ರಲ್ಲಿ ಗ್ರಂಥರೂಪವನ್ನು ತಾಳಿತು. ಪೂರ್ವ ಪಶ್ಚಿಮ ಸಂಸ್ಕೃತಿಗಳನ್ನೂ ಅವುಗಳ ತತ್ತ್ವಗಳನ್ನೂ ಕುರಿತ ಆ ಉಪನ್ಯಾಸಮಾಲೆಯಲ್ಲಿ ಲಿಯಾಂಗರು ಪ್ರತಿಪಾದಿಸಿದುದೇನೆಂದರೆ, ಸಂಸ್ಕೃತಿಯೆಂಬುದು ಒಂದು ಜನಾಂಗದ ಬದುಕುವ ರೀತಿ. ಬದುಕಿನ ಮೂಲದಲ್ಲಿರುವುದು ಇಚ್ಛೆ. ಆ ಇಚ್ಛೆಯು ಲೋಕಕ್ಕೆ ಎದುರಾದಾಗ ಯಾವ ದಿಕ್ಕಿಗೆ ತಿರುಗುತ್ತದೆಂಬುದರಿಂದಲೇ ಸಂಸ್ಕೃತಿಗಳ ಭೇದ. ಪಶ್ಚಿಮದ ಇಚ್ಛೆಯು ಮುಂದಕ್ಕೆ ನುಗ್ಗುತ್ತದೆ, ಅಡ್ಡಿಯನ್ನು ಜಯಿಸುತ್ತದೆ, ಪ್ರಕೃತಿಯನ್ನು ವಶಪಡಿಸಿಕೊಳ್ಳುತ್ತದೆ. ಚೀನದ ಇಚ್ಛೆಯು ಹಾಗೆ ನುಗ್ಗದೆ ತನ್ನನ್ನೂ ಪರಿಸ್ಥಿತಿಯನ್ನೂ ಪರಸ್ಪರ ಹೊಂದಿಸಿಕೊಂಡು, ಇದ್ದುದರಲ್ಲಿ ಸಾಮರಸ್ಯವನ್ನು ಅರಸುತ್ತದೆ. ಭಾರತದ ಇಚ್ಛೆಯಾದರೋ ಹಿಂದಿರುಗಿ ತನ್ನನ್ನೇ ಪ್ರಶ್ನಿಸಿ, ಇಚ್ಛೆಯ ನಿರಸನದಲ್ಲಿಯೇ ಬಿಡುಗಡೆಯನ್ನು ಕಾಣುತ್ತದೆ. ಮಾನವಕುಲವು ಈ ಮೂರು ದಾರಿಗಳನ್ನೂ ಕ್ರಮವಾಗಿ ನಡೆಯಬೇಕಾಗಿದ್ದಿತು: ಮೊದಲು ಅನ್ನವಸ್ತ್ರಗಳ ಸಮಸ್ಯೆ, ಅನಂತರ ಮನುಷ್ಯ ಮನುಷ್ಯರ ನಡುವಣ ಬಾಳ್ವೆಯ ಸಮಸ್ಯೆ, ಕೊನೆಗೆ ಜನನಮರಣಗಳ ಸಮಸ್ಯೆ. ಚೀನವೂ ಭಾರತವೂ ಮೊದಲನೆಯ ದಾರಿಯನ್ನು ಪೂರ್ತಿ ನಡೆಯುವ ಮೊದಲೇ ಮುಂದಿನ ದಾರಿಗಳಿಗೆ ತಿರುಗಿಕೊಂಡವು. ಅವು ಅಕಾಲದಲ್ಲಿ ಪಕ್ವವಾದ ಸಂಸ್ಕೃತಿಗಳು. ಅವುಗಳ ಭೌತಿಕ ದೌರ್ಬಲ್ಯಕ್ಕೆ ಕಾರಣವೂ ಅದೇ, ಅವುಗಳ ಮಹತ್ತ್ವಕ್ಕೆ ಕಾರಣವೂ ಅದೇ. ಮಹಾಯುದ್ಧದ ರಕ್ತಪಾತದಿಂದ ಬಸವಳಿದ ಯೂರೋಪು ಇನ್ನು ಚೀನದ ದಾರಿಗೆ ಬಂದೇ ಬರುವುದೆಂದೂ, ಅದಕ್ಕಿಂತಲೂ ದೂರದ ಭವಿಷ್ಯದಲ್ಲಿ ಇಡೀ ಲೋಕವೇ ಭಾರತದ ದಾರಿಗೆ ತಿರುಗುವುದೆಂದೂ ಅವರು ಭವಿಷ್ಯ ನುಡಿದರು. ಆದರೆ ಆ ಕ್ಷಣದ ಚೀನಕ್ಕೆ ಅವರು ವಿಧಿಸಿದ ಪಥ್ಯವು ಬೇರೆ: ಭಾರತದ ವೈರಾಗ್ಯವನ್ನು ಸಂಪೂರ್ಣವಾಗಿ ದೂರವಿಡುವುದು, ಪಶ್ಚಿಮದ ವಿದ್ಯೆಯನ್ನು ಅದರ ಮನೋಧರ್ಮವನ್ನು ತಿದ್ದಿಕೊಂಡು ಪೂರ್ಣವಾಗಿ ಸ್ವೀಕರಿಸುವುದು, ಚೀನದ ಮೂಲಸ್ವಭಾವವನ್ನು ವಿಮರ್ಶೆಯಿಂದ ಶೋಧಿಸಿ ಮರಳಿ ತರುವುದು. ತಮ್ಮ ಗ್ರಂಥಕ್ಕೆ ತಾವೇ ಮೊದಲು ತಲೆಬಾಗಿದವರಂತೆ, ಆ ವರ್ಷವೇ ಭಿಕ್ಷುವಾಗುವ ಹಂಬಲವನ್ನು ಬಿಟ್ಟು ಅವರು ಗೃಹಸ್ಥರಾದರು.

ಇಷ್ಟು ವಿಶಾಲವಾದ ಮೂರು ನಾಗರಿಕತೆಗಳನ್ನು ಮೂರು ಸೂತ್ರಗಳಲ್ಲಿ ಬಿಗಿದುದು ಸಾಹಸವೇ ಸರಿ. ಎಲ್ಲ ಜನಾಂಗಗಳೂ ಬದುಕಿನ ಒಂದೇ ದಾರಿಯಲ್ಲಿ ಕೆಲವು ಮುಂದಾಗಿ ಕೆಲವು ಹಿಂದಾಗಿ ನಡೆಯುತ್ತಿವೆಯೇ ಹೊರತು, ಹೀಗೆ ದಿಕ್ಕು ದಿಕ್ಕಿಗೆ ಹೋಗುತ್ತಿಲ್ಲವೆಂದು ಹು ಷಿ ಅವರು ಆಕ್ಷೇಪಿಸಿದುದರಲ್ಲಿ ಬಲವುಂಟು. ಭಾರತೀಯನಾದ ಓದುಗನಿಗಂತೂ ಮತ್ತೊಂದು ಆಕ್ಷೇಪವು ತಾನಾಗಿ ಹೊಳೆಯುತ್ತದೆ. ಅರ್ಥಶಾಸ್ತ್ರವನ್ನೂ ಆಯುರ್ವೇದವನ್ನೂ ರಾಮಾಯಣವನ್ನೂ ರಚಿಸಿದ ದೇಶವನ್ನು, ಗೃಹಸ್ಥಾಶ್ರಮವೇ ಉಳಿದ ಆಶ್ರಮಗಳಿಗೆಲ್ಲ ಆಧಾರವೆಂದು ಬಗೆದ ದೇಶವನ್ನು, ಬರಿಯ ಇಚ್ಛಾನಿರಸನದ ನಾಡೆಂದು ಕರೆಯುವುದು, ಭಿಕ್ಷುವಿಹಾರದ ಕಿಟಕಿಯಿಂದ ಕಂಡಷ್ಟನ್ನೇ ಭಾರತವೆಂದು ತಿಳಿದಂತಾಯಿತು. ೧೯೨೪ರಲ್ಲಿ ರವೀಂದ್ರನಾಥ ಠಾಕೂರರು ಚೀನಕ್ಕೆ ಬಂದಾಗ ಲಿಯಾಂಗರು ಅವರನ್ನು ಕಂಡು ಕನ್ಫ್ಯೂಷಿಯಸನ ಬೋಧೆಯು ಮತವೆನಿಸುವುದೇ ಇಲ್ಲವೇ ಎಂಬುದನ್ನು ಚರ್ಚಿಸಿದರು. ಬದುಕನ್ನೂ ಸೌಂದರ್ಯವನ್ನೂ ಅಷ್ಟು ಗಾಢವಾಗಿ ಪ್ರೀತಿಸಿದ ಆ ಕವಿಯನ್ನು ಕಣ್ಣಾರೆ ಕಂಡ ಮೇಲಾದರೂ ಭಾರತವನ್ನು ಕುರಿತ ತಮ್ಮ ಸೂತ್ರವನ್ನು ಅವರು ಸಡಿಲಿಸಬೇಕಾಗಿದ್ದಿತೆಂದು ನನಗನಿಸುತ್ತದೆ.

ಆದರೆ ಲಿಯಾಂಗರ ವಿಚಾರದ ಪರಿಪಕ್ವ ರೂಪವನ್ನು ಕಾಣಬೇಕಾದರೆ ಯುದ್ಧಕಾಲದ ಅಲೆದಾಟದ ನಡುವೆ ೧೯೪೨ರಲ್ಲಿ ಗುಯ್‌ಲಿನ್ ನಗರದಲ್ಲಿ ಆರಂಭಿಸಿ ೧೯೪೯ರಲ್ಲಿ ಮುಗಿಸಿದ ಅವರ ಮಹಾಗ್ರಂಥವನ್ನು ನೋಡಬೇಕು. ಚೀನೀ ಸಂಸ್ಕೃತಿಯ ಸಾರವನ್ನು ನಿರೂಪಿಸುವ ಆ ಗ್ರಂಥದಲ್ಲಿ ಅವರು ಎತ್ತಿಕೊಂಡ ಮೊದಲ ಆಶ್ಚರ್ಯವು ಇದು: ಇಷ್ಟು ವಿಸ್ತಾರವಾದ ಭೂಮಿಯಲ್ಲಿ, ಇಷ್ಟು ಭಿನ್ನವಾದ ಕುಲಗಳು, ಇಷ್ಟು ದೀರ್ಘಕಾಲ ಒಂದಾಗಿ ಉಳಿದುದು ಯಾವ ಶಕ್ತಿಯಿಂದ? ಸೈನ್ಯದಿಂದಲ್ಲ, ಚೀನವು ಎಷ್ಟೋ ಸಲ ಸೋತಿತು. ಮತದಿಂದಲ್ಲ, ಅಲ್ಲಿ ಬೌದ್ಧರೂ ತಾವೋ ಪಂಥದವರೂ ಮುಸಲ್ಮಾನರೂ ಇದ್ದರು. ರಾಜ್ಯಯಂತ್ರದಿಂದಲೂ ಅಲ್ಲ, ಪ್ರಜೆಯ ಪಾಲಿಗೆ ಆ ಯಂತ್ರವೆಂದರೆ ಬಹುಮಟ್ಟಿಗೆ ಕಂದಾಯವನ್ನು ಕೊಡುವುದೂ ನ್ಯಾಯಸ್ಥಾನವನ್ನು ತಪ್ಪಿಸಿಕೊಳ್ಳುವುದೂ ಆಗಿದ್ದಿತು. ಯೂರೋಪಿನ ಅರ್ಥದಲ್ಲಿ ಚೀನವು ರಾಷ್ಟ್ರವೇ ಆಗಿರಲಿಲ್ಲವೆಂದು ಲಿಯಾಂಗರು ಸಂಕೋಚವಿಲ್ಲದೆ ಬರೆದರು. ಅದು ರಾಜ್ಯವೆನ್ನುವುದಕ್ಕಿಂತ ಒಂದು ಸಂಸ್ಕೃತಿಕಾಯವೆಂದು ಬರ್ಟ್ರಂಡ್ ರಸೆಲ್ಲರು ಕಂಡುದನ್ನು ಅವರು ಅನುಮೋದನೆಯಿಂದ ಉದ್ಧರಿಸಿದರು.

ಈ ವಿಚಾರಕ್ಕೆ ಚೀನದಲ್ಲಿಯೇ ಹಳೆಯ ಬೇರುಂಟು. ೧೭ನೆಯ ಶತಮಾನದಲ್ಲಿ ಮಿಂಗ್ ವಂಶವು ಮಂಚುಗಳಿಗೆ ಸೋತುದನ್ನು ಕಣ್ಣಾರೆ ಕಂಡ ಗು ಯೆನ್‌ವು ಎಂಬ ಪಂಡಿತನು, ಒಂದು ರಾಜವಂಶವು ಅಳಿಯುವುದಕ್ಕೂ ಆಕಾಶದ ಕೆಳಗಣ ಸಮಸ್ತ ಧರ್ಮಲೋಕವೇ ಅಳಿಯುವುದಕ್ಕೂ ಭೇದವನ್ನು ಕಲ್ಪಿಸಿದ್ದನು. ಮೊದಲನೆಯದು ರಾಜನ ಮತ್ತು ಮಂತ್ರಿಗಳ ಚಿಂತೆ. ಎರಡನೆಯದಕ್ಕೆ ಅತಿ ಸಾಮಾನ್ಯನಾದ ಮನುಷ್ಯನೂ ಹೊಣೆ. ಲಿಯಾಂಗರು ಇದನ್ನು ಮುಂದುವರಿಸಿ, ಚೀನೀಯನ ನಿಷ್ಠೆಯು ಒಂದು ತುದಿಯಲ್ಲಿ ತನ್ನ ಕುಟುಂಬಕ್ಕೂ ಮತ್ತೊಂದು ತುದಿಯಲ್ಲಿ ಸಮಸ್ತ ಮಾನವಲೋಕಕ್ಕೂ ಸಲ್ಲುತ್ತಿದ್ದಿತೆಂದೂ, ಇವೆರಡರ ಮಧ್ಯದಲ್ಲಿ ಬರಬೇಕಾದ ರಾಷ್ಟ್ರಾಭಿಮಾನವು ಅವನಿಗೆ ಹೊರಗಿನಿಂದ ಬಂದ ಹೊಸ ವಸ್ತುವೆಂದೂ ವಾದಿಸಿದರು. ಕುಟುಂಬದಿಂದ ಲೋಕದವರೆಗೆ ಹಬ್ಬಿದ ಈ ಬಾಳನ್ನು ಹಿಡಿದಿಟ್ಟ ಸೂತ್ರವೇ ಸಂಬಂಧಧರ್ಮ. ಮನುಷ್ಯನು ಒಂಟಿಯಾಗಿ ಹುಟ್ಟಿ ಆಮೇಲೆ ಸಮಾಜವನ್ನು ಕಟ್ಟಿಕೊಂಡ ವ್ಯಕ್ತಿಯಲ್ಲ. ಸಮಾಜದ ಒಂದು ಅಂಶಮಾತ್ರವೂ ಅಲ್ಲ. ಅವನು ಮಗ, ಅಣ್ಣ, ಪತಿ, ಮಿತ್ರ, ಶಿಷ್ಯ. ಪ್ರತಿಯೊಂದು ಸಂಬಂಧವೂ ಎರಡು ಕಡೆಗೂ ಕರ್ತವ್ಯವನ್ನು ವಿಧಿಸುತ್ತದೆ. ನನ್ನ ಹಕ್ಕು ಎಂಬುದು ನಾನು ಕೇಳಿ ಪಡೆಯತಕ್ಕದ್ದಲ್ಲ, ಎದುರಿನವನು ತನ್ನ ಕರ್ತವ್ಯವೆಂದು ತಾನಾಗಿ ಸಲ್ಲಿಸತಕ್ಕದ್ದು. ಮನೆಯೊಳಗಿನ ಈ ಪ್ರೀತಿಯನ್ನು ಗುರುವಿನ ಕಡೆಗೆ, ನೆರೆಯವನ ಕಡೆಗೆ, ಕೊನೆಗೆ ಅಪರಿಚಿತನ ಕಡೆಗೆ ವಿಸ್ತರಿಸುತ್ತ ಹೋಗುವುದಕ್ಕೆ ಎಲ್ಲಿಯೂ ಗಡಿಯಿಲ್ಲ. ಲಾಭನಷ್ಟಗಳನ್ನು ಎಣಿಸುವ ಬುದ್ಧಿಯಿಂದ ಬೇರೆಯಾದ, ಸ್ವಾರ್ಥರಹಿತವಾದ ಒಂದು ವಿವೇಕಶಕ್ತಿಯು ಮಾನವನಲ್ಲುಂಟೆಂದೂ, ಆ ವಿವೇಕವನ್ನು ಬೇಗನೆ ಎಚ್ಚರಿಸಿಕೊಂಡುದೇ ಚೀನೀಯನ ವೈಶಿಷ್ಟ್ಯವೆಂದೂ ಲಿಯಾಂಗರು ನಂಬಿದ್ದರು. ಈ ಬಾಳ್ವೆಯನ್ನು ಯಾವನು ಬಾಳುತ್ತಾನೋ ಅವನು ಚೀನೀಯನು, ಅವನ ಪೂರ್ವಜರು ಎಲ್ಲಿಂದ ಬಂದವರೇ ಆಗಿರಲಿ.

ಆದರೆ ಇದು ಸ್ವಜನಸ್ತುತಿಯ ಗ್ರಂಥವೆಂದು ಯಾರೂ ಭಾವಿಸಬಾರದು. ಸಂಬಂಧದ ಸೂತ್ರದಲ್ಲಿಯೇ ಬದುಕಿದ ಚೀನೀಯನಿಗೆ ಸಂಘಜೀವನವು ತಿಳಿಯದೆಂದು ಲಿಯಾಂಗರು ಅದರಲ್ಲಿ ನಿರ್ದಾಕ್ಷಿಣ್ಯವಾಗಿ ಬರೆದಿದ್ದಾರೆ. ಸಾರ್ವಜನಿಕ ಕಾರ್ಯದಲ್ಲಿ ಉತ್ಸಾಹವಿಲ್ಲ, ಶಿಸ್ತಿಲ್ಲ, ಸಂಘಟನೆಯ ಸಾಮರ್ಥ್ಯವಿಲ್ಲ, ನಿಯಮವನ್ನು ಮುಖದಾಕ್ಷಿಣ್ಯಕ್ಕಾಗಿ ಬಲಿಗೊಡುವ ಅಭ್ಯಾಸವುಂಟು ಎಂಬುದು ಅವರ ಆರೋಪ. ವಿಜ್ಞಾನವೂ ಪ್ರಜಾಪ್ರಭುತ್ವವೂ ಚೀನದಲ್ಲಿ ತಾವಾಗಿ ಮೊಳೆಯದಿದ್ದುದಕ್ಕೆ ಕಾರಣವನ್ನು ಅವರು ತಮ್ಮ ಪೂರ್ವಜರ ಸದ್ಗುಣಗಳಲ್ಲಿಯೇ ಹುಡುಕಿದರು. ತನ್ನ ಜನರನ್ನು ಅತ್ಯಂತ ಪ್ರೀತಿಸುವವನು ಮಾತ್ರ ಹಾಗೆ ಬರೆಯಬಲ್ಲನು.

ಈ ಸಿದ್ಧಾಂತದ ಸೊಬಗು ಅದರ ತೆರೆದ ಬಾಗಿಲಿನಲ್ಲಿದೆ. ಪ್ರಾಚೀನ ಧರ್ಮರಾಜನಾದ ಷುನ್ ಪೂರ್ವದ ಅನಾಗರಿಕರ ಕಡೆಯವನು, ವೆನ್ ಮಹಾರಾಜನು ಪಶ್ಚಿಮದ ಅನಾಗರಿಕರ ಕಡೆಯವನು ಎಂದು ಕನ್ಫ್ಯೂಷಿಯಸನ ಸಂಪ್ರದಾಯದ ಮಹಾಚಾರ್ಯನಾದ ಮೆನ್ಷಿಯಸನೇ ಹೇಳಿಬಿಟ್ಟಿರುವಾಗ, ಕುಲದ ಕಾರಣದಿಂದ ಯಾರನ್ನು ಹೊರಗಿಡುವುದು ತಾನೆ ಸಾಧ್ಯ? ವರ್ಣದ್ವೇಷದ ರಾಷ್ಟ್ರವಾದವು ಯೂರೋಪನ್ನು ಸುಡುತ್ತಿದ್ದ ದಶಕಗಳಲ್ಲಿ ಇಂಥ ಮಾತನ್ನು ಆಡಿದುದು ಸಣ್ಣ ಸಂಗತಿಯಲ್ಲ. ಆದರೂ ನನ್ನ ಮನಸ್ಸಿಗೆ ಇಲ್ಲಿ ಒಂದು ಅಸಮಾಧಾನವುಂಟು. ಅದನ್ನು ಮುಚ್ಚಿಡುವುದು ಯುಕ್ತವಲ್ಲ. ಒಳಗೆ ಬಂದವನು ನಮ್ಮವನೆಂದು ಹೇಳುವ ಸಂಸ್ಕೃತಿಯು, ಒಳಗೆ ಬರಲೊಲ್ಲದವನನ್ನು ಏನೆಂದು ಕಾಣುತ್ತದೆ? ತನ್ನದೇ ಲಿಪಿ, ತನ್ನದೇ ದೇವರು, ತನ್ನದೇ ಸ್ಮೃತಿಯನ್ನು ಉಳಿಸಿಕೊಳ್ಳಬೇಕೆನ್ನುವ ಗಡಿನಾಡಿನ ಜನಕ್ಕೆ ತೆರೆದ ಬಾಗಿಲೇ ಒತ್ತಾಯವಾಗಿ ಪರಿಣಮಿಸಬಹುದು. ರಕ್ತದ ಗಡಿಯನ್ನು ಅಳಿಸಿದ ಲಿಯಾಂಗರು ಈ ಎರಡನೆಯ ಗಡಿಯ ಮೇಲೆ ಸಾಕಷ್ಟು ಬೆಳಕನ್ನು ಚೆಲ್ಲಲಿಲ್ಲ. ಹಾಗೆಯೇ, ಪರಸ್ಪರ ಕರ್ತವ್ಯದ ಆ ಸುಂದರ ಕುಟುಂಬದಲ್ಲಿ ಸೊಸೆಯ ಪಾಲಿಗೆ ಬಂದ ಭಾರವನ್ನು ತೂಗುವಾಗ ಅವರ ತಕ್ಕಡಿಯು ಅಷ್ಟು ನ್ಯಾಯವಾದುದಾಗಿರಲಿಲ್ಲ.

ಲಿಯಾಂಗರನ್ನು ಇತರ ದಾರ್ಶನಿಕರಿಂದ ಪ್ರತ್ಯೇಕಿಸುವುದು, ತಾವು ನಂಬಿದುದನ್ನು ಮಣ್ಣಿನಲ್ಲಿ ಬಿತ್ತಿ ನೋಡಿದ ಅವರ ಧೈರ್ಯ. ೧೯೨೪ರಲ್ಲಿ ವಿಶ್ವವಿದ್ಯಾಲಯವನ್ನು ಬಿಟ್ಟ ಅವರು, ೧೯೩೧ರಲ್ಲಿ ಷಾನ್‌ಡಾಂಗ್ ಪ್ರಾಂತದ ಜೌಪಿಂಗ್ ಎಂಬಲ್ಲಿ ಗ್ರಾಮಪುನರ್ನಿರ್ಮಾಣದ ಸಂಸ್ಥೆಯನ್ನು ಕಟ್ಟುವುದರಲ್ಲಿ ತೊಡಗಿದರು. ಚೀನವು ನಗರಗಳಲ್ಲಿಲ್ಲ, ಗ್ರಾಮಗಳಲ್ಲಿದೆ; ಅಲ್ಲಿ ಉಳಿದಿರುವ ಸಂಬಂಧಧರ್ಮದ ಬೇರಿಗೆ ಸಂಘಜೀವನವನ್ನು ಕಸಿಮಾಡಬೇಕು ಎಂಬುದು ಅವರ ಸಂಕಲ್ಪ. ಹನ್ನೊಂದನೆಯ ಶತಮಾನದಲ್ಲಿ ಲೂ ಸೋದರರು ತಮ್ಮ ಗ್ರಾಮಕ್ಕಾಗಿ ರಚಿಸಿದ ಪರಸ್ಪರ ಸಹಾಯದ ಒಡಂಬಡಿಕೆಯನ್ನು ಮಾದರಿಯಾಗಿಟ್ಟುಕೊಂಡು, ಗ್ರಾಮದ ಆಡಳಿತ ಕಚೇರಿಯ ಸ್ಥಾನದಲ್ಲಿ ಗ್ರಾಮಶಾಲೆಯನ್ನೇ ನಿಲ್ಲಿಸಿದರು. ಊರಿನ ಜನರೆಲ್ಲರೂ ಆ ಶಾಲೆಯ ವಿದ್ಯಾರ್ಥಿಗಳು, ಊರ ಹಿರಿಯನೊಬ್ಬನು ಅದರ ಮುಖ್ಯಸ್ಥ. ಹತ್ತಿ ಬೆಳೆಗಾರರ ಸಹಕಾರ ಸಂಘಗಳು ಹುಟ್ಟಿದವು. ಅಫೀಮು, ಜೂಜು, ಹೆಣ್ಣುಮಕ್ಕಳ ಪಾದಬಂಧನ ಮೊದಲಾದ ಅನಿಷ್ಟಗಳ ವಿರುದ್ಧ ಕೆಲಸ ನಡೆಯಿತು. ಆದರೆ ಈ ಪ್ರಯೋಗಕ್ಕೆ ಆಶ್ರಯವು ಹಾನ್ ಫುಜು ಎಂಬ ಸೇನಾಧಿಪತಿಯದು. ಸಮಾಜವನ್ನು ಪರಿವರ್ತಿಸುವೆವೆಂದು ಹೇಳಿ ಅಧಿಕಾರಕ್ಕೆ ಅಂಟಿಕೊಂಡಿದ್ದೇವೆ, ಗ್ರಾಮಗಳ ಚಳವಳಿಯೆಂದು ಹೇಳಿದರೂ ಗ್ರಾಮಗಳು ಚಲಿಸುತ್ತಿಲ್ಲ ಎಂಬ ಎರಡು ಸಂಕಟಗಳನ್ನು ೧೯೩೫ರಲ್ಲಿ ಲಿಯಾಂಗರೇ ತಮ್ಮ ಸಹೋದ್ಯೋಗಿಗಳ ಮುಂದೆ ಹೇಳಿಕೊಂಡರು. ೧೯೩೭ರಲ್ಲಿ ಜಪಾನೀ ಸೈನ್ಯವು ನುಗ್ಗಿದಾಗ ಆ ಪ್ರಯೋಗವು ಮುಗಿಯಿತು.

ಮರುವರ್ಷದ ಆರಂಭದಲ್ಲಿ ಅವರು ಕಮ್ಯೂನಿಸ್ಟರ ನೆಲೆಯಾದ ಯೆನಾನಿಗೆ ಹೋಗಿ, ಆ ಪಕ್ಷದ ನಾಯಕನೂ ತಮ್ಮ ಸಮವಯಸ್ಕನೂ ಆದ ಮಾವೋನೊಡನೆ ರಾತ್ರಿಯೆಲ್ಲ ಕುಳಿತು ವಾದಿಸಿದರು. ಚೀನದಲ್ಲಿ ವರ್ಗಗಳಿಲ್ಲ, ವೃತ್ತಿಗಳುಂಟು. ಆದುದರಿಂದ ವರ್ಗಸಂಘರ್ಷದ ಸಿದ್ಧಾಂತವು ಇಲ್ಲಿಗೆ ಸಲ್ಲದು ಎಂಬುದು ಅತಿಥಿಯ ಪಕ್ಷ. ನೀವು ಚೀನದ ವಿಶೇಷವನ್ನೇ ನೋಡುತ್ತೀರಿ, ಎಲ್ಲ ಸಮಾಜಗಳಿಗೂ ಸಾಮಾನ್ಯವಾದುದನ್ನು ಮರೆಯುತ್ತೀರಿ ಎಂಬುದು ಆತಿಥೇಯನ ಉತ್ತರ. ಆ ಶತಮಾನದ ಚೀನದ ಇಡೀ ವಿವಾದವು ಈ ಎರಡು ವಾಕ್ಯಗಳಲ್ಲಿ ಅಡಕವಾಗಿದೆ. ಜಮೀನಿಲ್ಲದ ರೈತನ ದೃಷ್ಟಿಯಿಂದ ನೋಡಿದರೆ ಮಾವೋ ಹೇಳಿದುದರಲ್ಲಿ ಸತ್ಯವಿದ್ದಿತೆಂದು ಒಪ್ಪಲೇಬೇಕು. ಆದರೆ ಹದಿನೈದು ವರ್ಷಗಳಾದ ಮೇಲೆ ರೈತನ ಪರವಾಗಿ ಎದ್ದುನಿಂತವರು ಲಿಯಾಂಗರೇ. ಮಾವೋ ದೇಶದ ಅಧಿಕಾರವನ್ನು ಹಿಡಿದ ಮೇಲೆ, ೧೯೫೩ರ ಸೆಪ್ಟೆಂಬರಿನಲ್ಲಿ, ಕಾರ್ಮಿಕರು ಸ್ವರ್ಗದ ಎತ್ತರಕ್ಕೆ ಏರಿರುವಾಗ ರೈತರು ಪಾತಾಳದಲ್ಲಿ ಉಳಿದಿದ್ದಾರೆಂಬ ಮಾತನ್ನು ಅವರು ಸರ್ಕಾರದ ಸಭೆಯಲ್ಲಿ ಎತ್ತಿದರು. ಮಾವೋ ಕೆರಳಿ ಅವರನ್ನು ಪ್ರತಿಗಾಮಿಯೆಂದು ಜರೆದನು. ನನ್ನ ಉತ್ತರವನ್ನು ಪೂರ್ತಿಯಾಗಿ ಕೇಳುವಷ್ಟು ಔದಾರ್ಯವು ಅಧ್ಯಕ್ಷರಲ್ಲಿ ಉಂಟೇ ಎಂಬುದನ್ನು ಪರೀಕ್ಷಿಸಬೇಕೆಂದಿದ್ದೇನೆಂದು ಲಿಯಾಂಗರು ತುಂಬಿದ ಸಭೆಯಲ್ಲಿ ಹೇಳಿದರು. ಸಭಿಕರು ಕೂಗಾಡಿ ಅವರನ್ನು ವೇದಿಕೆಯಿಂದ ಇಳಿಸಿದರು.

೧೯೬೬ರ ಆಗಸ್ಟಿನಲ್ಲಿ ಮಾವೋನ ಸಾಂಸ್ಕೃತಿಕ ಕ್ರಾಂತಿಯ ಕೆಂಪು ರಕ್ಷಕರು ಅವರ ಮನೆಗೆ ನುಗ್ಗಿ, ಪೂರ್ವಜರ ಕಾಲದಿಂದ ಬಂದಿದ್ದ ಗ್ರಂಥಗಳನ್ನೂ ಚಿತ್ರಗಳನ್ನೂ ಅಂಗಳದಲ್ಲಿ ಸುಟ್ಟರು. ಬೇರೆಯವರಿಂದ ಎರವಲಾಗಿ ತಂದಿದ್ದ ನಿಘಂಟುಗಳನ್ನಾದರೂ ಬಿಡಿರೆಂದು ಬೇಡಿದರೂ ಬಿಡಲಿಲ್ಲ. ಒಂದು ಪುಸ್ತಕವೂ ಕೈಗೆಟುಕದ ಆ ಸ್ಥಿತಿಯಲ್ಲಿ, ಎಪ್ಪತ್ತುಮೂರರ ಆ ವೃದ್ಧರು ಕನ್ಫ್ಯೂಷಿಯಸನ ಮಾರ್ಗಕ್ಕೂ ಬೌದ್ಧಮಾರ್ಗಕ್ಕೂ ಇರುವ ಸಾಮ್ಯವೈಷಮ್ಯಗಳನ್ನು ಕುರಿತು ನೆನಪಿನಿಂದಲೇ ಒಂದು ಪ್ರಬಂಧವನ್ನು ಬರೆದು ಮುಗಿಸಿದರು. ೧೯೭೪ರಲ್ಲಿ ಕನ್ಫ್ಯೂಷಿಯಸನನ್ನು ಖಂಡಿಸುವ ಆಂದೋಲನವು ದೇಶವನ್ನೆಲ್ಲ ವ್ಯಾಪಿಸಿದಾಗ ಅವರು ಖಂಡಿಸಲು ಒಪ್ಪದೆ ತಿಂಗಳುಗಟ್ಟಲೆ ನಿಂದೆಯನ್ನು ಸಹಿಸಿದರು. ಇಷ್ಟೆಲ್ಲ ಆದ ಮೇಲೆ ನಿಮ್ಮ ಅಭಿಪ್ರಾಯವೇನೆಂದು ಕೇಳಿದವರಿಗೆ, ಮಹಾಸೈನ್ಯದ ದಂಡನಾಯಕನನ್ನಾದರೂ ಸೆರೆಹಿಡಿಯಬಹುದು, ಸಾಮಾನ್ಯನ ಸಂಕಲ್ಪವನ್ನು ಕಸಿಯಲಾಗದೆಂಬ ಆಶಯದ ಕನ್ಫ್ಯೂಷಿಯಸನ ನುಡಿಯೊಂದನ್ನೇ ಉತ್ತರವಾಗಿ ಕೊಟ್ಟರು. ಸಂಸ್ಕೃತಿಯೆಂಬುದು ಗ್ರಂಥಾಲಯದಲ್ಲಿರದೆ ನಡತೆಯಲ್ಲಿರುವುದೆಂಬ ಅವರ ವಾದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣವನ್ನು ನಾನು ಕಾಣೆ.

ಇತ್ತ ಕಮ್ಯೂನಿಸ್ಟರ ಆಳ್ವಿಕೆಯನ್ನು ಬಿಟ್ಟು ಹಾಂಗ್‌ಕಾಂಗಿನಲ್ಲಿಯೂ ತೈವಾನಿನಲ್ಲಿಯೂ ಆಶ್ರಯ ಪಡೆದ ತಾಂಗ್ ಜುನ್ಯಿ, ಮೌ ಜೋಂಗ್‌ಸಾನ್ ಮುಂತಾದವರು ೧೯೫೮ರ ಹೊಸವರ್ಷದ ದಿನ ಚೀನೀ ಸಂಸ್ಕೃತಿಯ ಪರವಾಗಿ ಲೋಕಕ್ಕೆ ಒಂದು ಘೋಷಣಾಪತ್ರವನ್ನು ಹೊರಡಿಸಿ, ಲಿಯಾಂಗರ ವಿಚಾರಕ್ಕೆ ಸಮೀಪವಾದ ವಿಚಾರವನ್ನು ಹೆಚ್ಚು ಶಾಸ್ತ್ರೀಯವಾಗಿ ಬೆಳೆಸಿದರು. ನೆಲವನ್ನು ಕಳೆದುಕೊಂಡವರಿಗೆ ಸಂಸ್ಕೃತಿಯೇ ನೆಲವಾಗುವುದು ಸಹಜ. ಲಿಯಾಂಗರಾದರೋ ನೆಲವನ್ನು ಬಿಡದೆ ನಿಂತವರು. ಅವರ ಪರೀಕ್ಷೆಯೇ ಹೆಚ್ಚು ಕಠಿನ.

೧೯೮೦ರ ಆಗಸ್ಟಿನಲ್ಲಿ, ಲಿಯಾಂಗರನ್ನು ಕಡೆಯ ಕನ್ಫ್ಯೂಷಿಯನ್ ಎಂದು ಕರೆದು ಅವರ ಜೀವನಚರಿತ್ರೆಯನ್ನು ಪ್ರಕಟಿಸಿದ್ದ ಅಮೆರಿಕದ ಗೈ ಆಲಿಟೊ ಎಂಬ ವಿದ್ವಾಂಸರು ಬೀಜಿಂಗಿಗೆ ಬಂದು ಅವರನ್ನು ಮೊದಲ ಬಾರಿಗೆ ಕಂಡಾಗ, ತಾವು ಒಳಗಿನಲ್ಲಿ ಬೌದ್ಧರೆಂದು ಅವರು ಹೇಳಿದರು. ಇದರಲ್ಲಿ ವಿರೋಧವೇನೂ ಇಲ್ಲ. ಚೀನದ ದಾರಿಯು ಈ ಕಾಲಕ್ಕೆ, ಭಾರತದ ದಾರಿಯು ಮುಂದಿನ ಕಾಲಕ್ಕೆ ಎಂದು ಬರೆದವರು, ಲೋಕಕ್ಕಾಗಿ ಮೊದಲನೆಯದನ್ನೂ ತಮಗಾಗಿ ಎರಡನೆಯದನ್ನೂ ಇಟ್ಟುಕೊಂಡಿದ್ದರು. ೧೯೮೮ರ ಜೂನ್ ೨೩ರಂದು ಅವರು ತೀರಿಕೊಂಡರು.

ಅವರ ಸಮಗ್ರ ಕೃತಿಗಳು ಎಂಟು ಸಂಪುಟಗಳಲ್ಲಿ ಚೀನೀ ಭಾಷೆಯಲ್ಲಿ ಅಚ್ಚಾಗಿವೆ. ಅವುಗಳ ಕೇಂದ್ರದಲ್ಲಿ ನಮ್ಮ ದೇಶದ ಮೇಲೆ ಒಂದು ತೀರ್ಪಿದೆ. ಪ್ರೀತಿಯಿಂದ ಕೊಟ್ಟ, ಆದರೆ ಅರ್ಧ ಸಾಕ್ಷ್ಯದ ಮೇಲೆ ಕೊಟ್ಟ ತೀರ್ಪು. ಆ ಪುಟಗಳನ್ನು ನೇರವಾಗಿ ಚೀನೀ ಮೂಲದಿಂದ ಓದಿ, ಕನ್ನಡದಲ್ಲಿ ಅವಕ್ಕೆ ಗೌರವಯುಕ್ತವಾದ ಉತ್ತರವನ್ನು ಬರೆಯುವ ಕೆಲಸವನ್ನು ನಮ್ಮ ದರ್ಶನಶಾಸ್ತ್ರದ ತರುಣ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.